ಬಿದ್ದವನು ಎದ್ದು ನಡೆದ ದಿಕ್ಕು

ಧಪ್ ಎಂದಿತು — ಚೆಂಡಲ್ಲ, ಚೆಂಡಿನ ಸದ್ದು ಬೇರೆ, ಒದ್ದೆ ಹುಲ್ಲಿನ ಮೇಲೆ ಬಿದ್ದರೆ ಅದು ಮೆತ್ತಗೆ ಪಚಕ್ ಎನ್ನುತ್ತದೆ, ಇದು ಭುಜಕ್ಕೆ ಭುಜ ತಾಗಿದ ಸದ್ದು, ಆ ಕೆಂಪುಜಡೆಯ ಹುಡುಗಿ ಮುಗ್ಗರಿಸಿ ಮಂಡಿಯೂರಿ ಎದ್ದೂ ಆಯಿತು, ಗೆರೆಯ ಆಚೆ ನಿಂತ ಅಪ್ಪ ಅಮ್ಮಂದಿರಲ್ಲಿ ಯಾರೂ ಅತ್ತ ಕತ್ತು ಹೊರಳಿಸಲಿಲ್ಲ, ಕಾಫಿ ಹೀರುತ್ತಾ ನಗುತ್ತಿದ್ದಾರೆ, ನಾನೊಬ್ಬಳೇ ಅವಳು ಎದ್ದು ಯಾವ ಕಡೆ ನಡೆದಳೆಂದು ನೋಡುತ್ತಿದ್ದೇನೆ, ಸರಿಯಾದ ಕಡೆಗೇ ನಡೆದಳು, ತನ್ನವರ ಕಡೆಗೇ — ಚಾಳಿಯಾಗಿಬಿಟ್ಟಿದೆ ಇದು, ಭಾನುವಾರ ಬೆಳಿಗ್ಗೆ, ನಾವಿರುವ ಈ ಐರಿಶ್ ಊರು ಲೀಕ್ಸ್‌ಲಿಪ್ಪಿನ ಮೈದಾನದಲ್ಲಿ ಬಂದು ನಿಂತರೂ ಕೆಲಸದ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಎದುರು ಬದಿಯಲ್ಲಿ, ಬದಲಿ ಆಟಗಾರ್ತಿಯರ ಬೆಂಚಿನ ಪಕ್ಕ, ನುಜ್ಹತ್ ನಿಂತಿದ್ದಾಳೆ, ನನ್ನ ಮಗಳು, ಹದಿನೈದರವಳು, ಟ್ರ್ಯಾಕ್‌ಸೂಟಿನ ಟೋಪಿಯನ್ನು ಹಣೆಯವರೆಗೆ ಎಳೆದು, ಕಪ್ಪು ಕನ್ನಡಕ ಹಾಕಿಕೊಂಡು, ಬಿಸಿಲೇನೂ ಅಷ್ಟಿಲ್ಲ, ಅವಳಪ್ಪ ದುಡಿಯುವ ಕಂಪ್ಯೂಟರ್ ಚಿಪ್ ಕಾರ್ಖಾನೆಯ ಕಡೆಯಿಂದ ಮೋಡ ಬರುತ್ತಲೇ ಇದೆ, ಆದರೂ ಬೆಳಕು ಚುಚ್ಚುತ್ತದಂತೆ, ಅದನ್ನೂ ನನಗೆ ಹೇಳಿದ್ದಲ್ಲ, ಅವಳಪ್ಪನಿಗೆ ಹೇಳಿದ್ದು, ಬುಧವಾರದಿಂದ ನನ್ನ ಜೊತೆ ಮಾತಿಲ್ಲ, ಇವತ್ತು ಕಾರಿನಿಂದ ಇಳಿಯುವಾಗ ಮಾತ್ರ, ಐ'ಲ್ ಸ್ಟ್ಯಾಂಡ್ ವಿತ್ ದ ಗರ್ಲ್ಸ್, ಅಂದಳು, ನನಗೆ ಅಂದದ್ದೋ ಬಾಗಿಲಿಗೆ ಅಂದದ್ದೋ. ಆಡುವ ಹಾಗಿಲ್ಲ, ಓಡುವ ಹಾಗಿಲ್ಲ, ನಿಲ್ಲಬಹುದು ಅಷ್ಟೆ, ನಿಂತಿದ್ದಾಳೆ, ಗೆಳತಿಯರು ಗೋಲು ಹೊಡೆದಾಗ ಒಂದು ಕೈಯನ್ನು ಅರ್ಧ ಎತ್ತುತ್ತಾಳೆ, ಮತ್ತೆ ಇಳಿಸುತ್ತಾಳೆ.

ನಾನು ಏನು ಕೆಲಸ ಮಾಡುತ್ತೇನೆಂದು ರಾಮನಗರದಲ್ಲಿರುವ ನನ್ನ ಅಕ್ಕನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಕಂಪ್ಯೂಟರ್ ಕೆಲಸ ಅಂದುಕೊಂಡಿದ್ದಾಳೆ, ಅದೂ ಸುಳ್ಳಲ್ಲ — ಅಮೆರಿಕದಲ್ಲಿ ಕಾಲೇಜಿನ ಹುಡುಗರು ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಆಡುವ ಆ ಫುಟ್‌ಬಾಲ್, ಅವರಲ್ಲಿ ಮೇಲಾದವರನ್ನು ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಯಲ್ಲಿ, ವೃತ್ತಿಪರ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಹೆಸರು ಕೂಗಿ ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ, ಅದಕ್ಕೆ ಮೊದಲು ಯಾರು ಮೇಲು ಯಾರು ಕೆಳಗೆ ಎಂದು ಅಳೆದು ಸಾಲಿನಲ್ಲಿ ನಿಲ್ಲಿಸಿ ಆ ತಂಡಗಳಿಗೆ ಮಾರುವುದು ಇಲ್ಲೇ ಹತ್ತಿರದ ಸಿಟಿವೆಸ್ಟ್‌ನ ಕಟ್ಟಡವೊಂದರ ಮೂರನೇ ಮಹಡಿಯಲ್ಲಿರುವ ನಮ್ಮ ಕಂಪನಿಯ ಕಸುಬು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನು, ಆ ಆಟದ ಮೈದಾನವನ್ನು ಕಣ್ಣಾರೆ ಕಂಡವಳಲ್ಲ, ಆಟ ಗೊತ್ತಿಲ್ಲ ಅಂದಾಗ ನಮ್ಮ ಬಾಸ್ ಕೀರನ್ ನಕ್ಕು, ಒಳ್ಳೇದೇ ಆಯ್ತು, ಗೊತ್ತಿರೋರು ಬರೀ ಚೆಂಡನ್ನೇ ನೋಡ್ತಾರೆ, ಅಂದ — ಅವನು ಅಂದದ್ದು ಇಂಗ್ಲಿಷಿನಲ್ಲಿ, ನನ್ನ ತಲೆಯೊಳಗೆ ಎಲ್ಲರ ಮಾತೂ ಕೊನೆಗೆ ಕನ್ನಡವಾಗಿಯೇ ಉಳಿಯುತ್ತದೆ — ಹಾಗೆ ನಾನು ಚೆಂಡು ಬಿಟ್ಟು ಉಳಿದದ್ದನ್ನು ನೋಡುತ್ತಾ ಬಂದೆ, ಕಣಕಾಲು, ಸೊಂಟ, ಕತ್ತು ತಿರುಗುವ ಬಗೆ, ಎಲ್ಲಕ್ಕಿಂತ ಹೆಚ್ಚಾಗಿ ಬಿದ್ದವನು ಏಳುವ ಬಗೆ, ಯಾಕೆಂದರೆ ಆ ಆಟದಲ್ಲಿ ಎಲ್ಲರೂ ಬೀಳುತ್ತಾರೆ, ಏಳುವುದರಲ್ಲಿ ಮಾತ್ರ ಒಬ್ಬನಂತೆ ಒಬ್ಬನಿಲ್ಲ, ಕೆಲವರು ನೆಲವನ್ನು ದೂಡಿ ಏಳುತ್ತಾರೆ, ಕೆಲವರು ಆಕಾಶ ನೋಡುತ್ತಾ ಒಂದಿಷ್ಟು ಹೊತ್ತು ಮಲಗುತ್ತಾರೆ, ಬೇಗ ಏಳುವವರು ಮುಂದೆಯೂ ಆಟದಲ್ಲಿ ಹೆಚ್ಚು ಕಾಲ ಬಾಳುತ್ತಾರೆ ಎಂದು ಲೆಕ್ಕದಲ್ಲಿ ತೋರಿಸಿದೆ, ಕೀರನ್ ಮೊದಲು ನಂಬಲಿಲ್ಲ, ಎರಡು ವರ್ಷ ನಮ್ಮ ಅಂದಾಜು ಹುಸಿಯಾಗದಿದ್ದಾಗ ನಂಬಿದ, ಈಗ ಆಫೀಸಿನಲ್ಲಿ ಅದಕ್ಕೆ ನನ್ನ ಹೆಸರನ್ನೇ ಇಟ್ಟು ಜಮೀಲಾ ನಂಬರ್ ಅನ್ನುತ್ತಾರೆ.

ಮಾರ್ಲನ್ ಟ್ರೀಸ್ ನನಗೆ ಸಿಕ್ಕಿದ್ದು ಆ ನಂಬರಿನಿಂದಲೇ. ಅಮೆರಿಕದ ದಕ್ಷಿಣದ ಯಾವುದೋ ಸಣ್ಣ ಊರಿನ ಸಣ್ಣ ಕಾಲೇಜು, ಮೈದಾನದ ಒಂದು ಪಕ್ಕಕ್ಕೆ ಮೆಟ್ಟಿಲುಗಳೂ ಇಲ್ಲ, ಜನ ದಿಬ್ಬದ ಹುಲ್ಲಿನ ಮೇಲೆ ಕಂಬಳಿ ಹಾಸಿಕೊಂಡು ಕೂರುತ್ತಾರೆ, ಚೆಂಡು ಹಿಡಿಯಲು ಓಡುವವನ ಜೊತೆಗೆ ನೆರಳಿನಂತೆ ಓಡಿ ಅವನಿಗೆ ಚೆಂಡು ದಕ್ಕದಂತೆ ಮಾಡುವುದು ಮಾರ್ಲನನ ಕೆಲಸ, ತೆಳ್ಳಗೆ, ಉದ್ದಕ್ಕೆ, ಕೈ ಇನ್ನೂ ಉದ್ದ, ಬಿದ್ದರೆ ರಬ್ಬರಿನಂತೆ ಪುಟಿದು ನಿಲ್ಲುತ್ತಾನೆ, ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಅವನ ಹೆಸರು ಎಲ್ಲೋ ತಳದಲ್ಲಿತ್ತು, ನಾನು ಅವನ ಒಂದೊಂದೇ ಆಟ ನೋಡುತ್ತಾ ಮೇಲಕ್ಕೆ ತಂದೆ, ಚಳಿಗಾಲವಿಡೀ ಮೇಲಕ್ಕೆ ತಂದೆ, ಕೀರನ್ ಅವನನ್ನು ನಿನ್ನ ಹುಡುಗ ಎಂದೇ ಕರೆಯುತ್ತಿದ್ದ, ನಿನ್ನ ಹುಡುಗ ಹೇಗಿದಾನೆ ಜಮೀಲಾ, ಅನ್ನುತ್ತಿದ್ದ. ನಿಜಕ್ಕೂ ಅವನು ನನ್ನವನಂತೆಯೇ ಆಗಿದ್ದ, ಅವನಿಗೆ ನಾನು ಯಾರೆಂದು ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ, ಆಟಗಾರರ ಜೊತೆ ಮಾತಾಡಬಾರದೆಂಬುದು ನಮ್ಮ ನಿಯಮ, ಆದರೆ ಅವನು ಶೂ ದಾರವನ್ನು ಎರಡೆರಡು ಸಲ ಕಟ್ಟುತ್ತಾನೆಂದು ನನಗೆ ಗೊತ್ತು, ಹಸಿರು ಮಳೆಕೋಟು ಹಾಕಿಕೊಂಡು ದಿಬ್ಬದ ಮೇಲೆ ಒಂದೇ ಜಾಗದಲ್ಲಿ ಕೂರುವ ಹೆಂಗಸು ಅವನ ತಾಯಿ, ಶಾಲೆಯ ಬಸ್ಸು ಓಡಿಸುತ್ತಾಳೆ, ಅದೂ ಗೊತ್ತು, ಅವನು ಚೆಂಡು ಕಸಿದಾಗಲೆಲ್ಲ ಅವಳು ಎದ್ದು ನಿಲ್ಲುವುದಿಲ್ಲ, ಮುಖ ಮುಚ್ಚಿಕೊಳ್ಳುತ್ತಾಳೆ.

ಹೋದ ಸೋಮವಾರ, ಡ್ರಾಫ್ಟ್ ಗುರುವಾರ ಶುರುವಾಗಬೇಕು, ನಮ್ಮ ಆಟಗಾರರ ಸಾಲು ಬುಧವಾರ ಮುಗಿಯಬೇಕು, ಅಂಥ ಹೊತ್ತಿನಲ್ಲಿ ಯಾರೂ ಗುರುತು ಹಾಕದೆ ಬಿಟ್ಟಿದ್ದ ಒಂದು ವಿಡಿಯೋ ಸಿಕ್ಕಿತು, ಅವನ ಕೊನೆಯ ಪಂದ್ಯದ್ದು, ಟಿವಿಯವರದ್ದಲ್ಲ, ಗೋಲುಕಂಬದ ಹಿಂದಿನ ಅಟ್ಟಣಿಗೆಯಿಂದ ಕಾಲೇಜಿನವರೇ ಹಿಡಿದದ್ದು, ಟಿವಿ ಚೆಂಡಿನ ಹಿಂದೆ ಹೋಗುತ್ತದೆ, ಈ ಕ್ಯಾಮೆರಾ ಇದ್ದಲ್ಲೇ ಇರುತ್ತದೆ — ಮಾರ್ಲನ್ ಎದುರಾಳಿಯ ಕಾಲಿಗೆ ಎಗರಿದ, ಅವನ ಮಂಡಿ ಇವನ ಹೆಲ್ಮೆಟ್ಟಿನ ಬದಿಗೆ ಬಡಿಯಿತು, ಇಬ್ಬರೂ ಬಿದ್ದರು, ಮಾರ್ಲನ್ ಕೂಡಲೇ ಎದ್ದ, ಎಂದಿಗಿಂತ ಬೇಗ ಎದ್ದ, ನನ್ನ ನಂಬರು ಅದಕ್ಕೂ ಅವನಿಗೆ ಒಳ್ಳೆಯ ಅಂಕ ಕೊಟ್ಟಿತು, ಎದ್ದು ನಡೆದ, ಎಲ್ಲಿಗೆ ನಡೆದ — ಅವನ ತಂಡದ್ದು ಹಸಿರು ಅಂಗಿ, ಅವನು ಬಿಳಿ ಅಂಗಿಯವರ ಕಡೆಗೆ ನಡೆದ, ಅವರು ಗುಂಪುಗೂಡಿ ಮುಂದಿನ ನಡೆ ಮಾತಾಡಿಕೊಳ್ಳುತ್ತಿದ್ದರು, ಅವರ ನಡುವೆ ಹೋಗಿ ಮಂಡಿಯ ಮೇಲೆ ಕೈ ಊರಿ, ಬಗ್ಗಿ, ಕಿವಿಗೊಟ್ಟು ನಿಂತ, ಶಾಲೆಯಲ್ಲಿ ಪಾಠ ಕೇಳುವ ಮಗುವಿನ ಹಾಗೆ, ಅವರಲ್ಲೊಬ್ಬ ನೋಡಿ ನಕ್ಕ, ಆಮೇಲೆ ಹಸಿರು ಅಂಗಿಯವನೊಬ್ಬ ಓಡಿ ಬಂದು ಮೊಣಕೈ ಹಿಡಿದು ಕರೆದುಕೊಂಡು ಹೋದ, ಮುದುಕರನ್ನು ರಸ್ತೆ ದಾಟಿಸುವ ಹಾಗೆ. ಅದೇ ಪಂದ್ಯದಲ್ಲಿ, ಅದರ ಮುಂದಿನ ನಡೆಯಲ್ಲೇ ಮಾರ್ಲನ್ ಚೆಂಡು ಕಸಿದ, ಟಿವಿಯವರು ತೋರಿಸಿದ್ದು ಅದನ್ನೇ, ಎಲ್ಲರೂ ಕಂಡದ್ದು ಅದನ್ನೇ. ತಲೆಗೆ ಪೆಟ್ಟಾಯಿತೆಂದು ವೈದ್ಯರ ವರದಿಯಲ್ಲಿ ಏನೂ ಇಲ್ಲ, ಯಾರೂ ಏನೂ ಹೇಳಿಲ್ಲ, ಅವನೂ ಹೇಳಿಲ್ಲ, ಹೇಳಿದರೆ ಕೆಟ್ಟೆ ಎಂದು ಅವನಿಗೆ ಗೊತ್ತು, ಅಥವಾ ಅವನಿಗೆ ನೆನಪೇ ಇಲ್ಲವೋ ಏನೋ, ಇಪ್ಪತ್ತೊಂದರ ಹುಡುಗ. ಮತ್ತೆ ಮತ್ತೆ ನೋಡಿದೆ, ತಮಾಷೆಗೆ ಮಾಡಿದನೇ, ಎದುರಾಳಿಗಳನ್ನು ಕೆಣಕಲು ಕೆಲವರು ಹಾಗೆ ಮಾಡುವುದುಂಟು, ಆದರೆ ತಮಾಷೆ ಮಾಡುವವನು ಅಷ್ಟು ಶ್ರದ್ಧೆಯಿಂದ ಬಗ್ಗಿ ನಿಲ್ಲುವುದಿಲ್ಲ.

ಆ ವಿಡಿಯೋ ಸಿಗದೇ ಇದ್ದಿದ್ದರೆ ನಾನು ನುಜ್ಹತಳನ್ನು ಅಷ್ಟು ದಿಟ್ಟಿಸಿ ನೋಡುತ್ತಿರಲಿಲ್ಲ, ಅದಂತೂ ನಿಜ. ಅದರ ಹಿಂದಿನ ದಿನ, ಹೋದ ಭಾನುವಾರ, ಇದೇ ಮೈದಾನ, ಪಕ್ಕದೂರು ಮೇನೂತ್‌ನ ಹುಡುಗಿಯೊಬ್ಬಳ ಮೊಣಕೈ ಕಿವಿಯ ಹಿಂದೆ ತಾಗಿ ಇವಳು ಬಿದ್ದಿದ್ದಳು, ಎದ್ದಳು, ನನ್ನ ಕಡೆ ಹೆಬ್ಬೆರಳು ಎತ್ತಿದಳು, ಆಮೇಲೆ ಕೇಳಿದ್ದಕ್ಕೆ, ಅಯ್ಯಾಮ್ ಗ್ರ್ಯಾಂಡ್ ಅಮ್ಮಿ, ಅಂದಳು, ಚೆನ್ನಾಗಿದೀನಿ ಅನ್ನುವುದಕ್ಕೆ ಇಲ್ಲಿಯವರ ಮಾತು ಅದು, ಈ ಊರಿನಲ್ಲಿ ಸಾಯುವವನೂ ಗ್ರ್ಯಾಂಡ್ ಅನ್ನುತ್ತಾನೆ, ಆ ಪದದಲ್ಲಿ ಏನೂ ಇಲ್ಲ, ಏನು ಬೇಕಾದರೂ ಇರಬಹುದು. ಮಂಗಳವಾರ ಊಟಕ್ಕೆ ಕೂತಾಗ, ಈಸ್ ಅಬ್ಬಾ ಆನ್ ನೈಟ್ಸ್, ಅಂದಳು, ಹೌದು ಕಣೇ, ಈ ವಾರ ಪೂರ್ತಿ ಅವರಿಗೆ ರಾತ್ರಿ ಪಾಳಿ, ಅಂದೆ, ಎರಡು ತುತ್ತು ತಿಂದಳು, ನೀರು ಕುಡಿದಳು, ಈಸ್ ಅಬ್ಬಾ ಆನ್ ನೈಟ್ಸ್, ಅಂದಳು, ಅದೇ ದನಿ, ಅದೇ ರೀತಿ ತಲೆ ವಾಲಿಸಿ, ಮೊದಲ ಸಲ ಕೇಳಿದವಳ ಹಾಗೆ — ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಉಳಿಯಿತು, ನುಜ್ಜು, ಈಗ ತಾನೇ ಕೇಳಿದ್ಯಲ್ಲ, ಅಂದೆ, ಅವಳ ಮುಖ ನೋಡಿದೆ, ಅವಳಿಗೆ ಭಯವಾದದ್ದು ನೋಡಿದೆ, ಮರುಕ್ಷಣ ಅದನ್ನು ಮುಚ್ಚಿಟ್ಟದ್ದೂ ನೋಡಿದೆ. ಕೋಣೆಯಲ್ಲಿ ದೀಪ ಆರಿಸಿ ಮಲಗಿದ್ದವಳ ಪಕ್ಕ ಕೂತಾಗ ಕೈ ಹಿಡಿದುಕೊಂಡಳು, ಡೋಂಟ್ ಟೆಲ್ ಗ್ರೋನ್ಯಾ, ಪ್ಲೀಸ್ ಅಮ್ಮಿ, ದ ಟ್ರಯಲ್ ಈಸ್ ಆನ್ ಸ್ಯಾಟರ್ಡೇ, ಜಸ್ಟ್ ಟಿಲ್ ಸ್ಯಾಟರ್ಡೇ. ಗ್ರೋನ್ಯಾ ಅವಳ ಕೋಚ್, ಶನಿವಾರ ಕಿಲ್ಡೇರ್ ಕೌಂಟಿ ತಂಡದ, ಅಂದರೆ ಇಲ್ಲಿಯ ಜಿಲ್ಲಾ ತಂಡದ, ಆಯ್ಕೆ, ಎರಡು ವರ್ಷದಿಂದ ಕಾದ ದಿನ. ಅವಳಪ್ಪ ನವೀದ್‌ಗೆ ಫೋನ್ ಮಾಡಿದೆ, ಕಾರ್ಖಾನೆಯಿಂದಲೇ ಮಾತಾಡಿದ, ನೋಡೋಣ ಬಿಡು, ಎರಡು ದಿನದಲ್ಲಿ ಸರಿ ಹೋಗತ್ತೆ, ನಾವೇನು ಬಿದ್ದಿಲ್ವಾ ಎದ್ದಿಲ್ವಾ, ಅಂದ, ಆಮೇಲೆ, ಈ ಊರಲ್ಲಿ ಅವಳನ್ನ ನೀನು ಎಲ್ಲಿಯವಳು ಅಂತ ಯಾರೂ ಕೇಳದೇ ಇರೋ ಜಾಗ ಆ ಮೈದಾನ ಒಂದೇ ಜಮೀಲಾ, ಅಂದ. ಅವಳನ್ನು ಮೈದಾನದಲ್ಲಿ ನುಜ್ ಎಂದು ಕೂಗುತ್ತಾರೆ, ಪಾಸ್ ಕೊಡು ನುಜ್, ಬಾ ನುಜ್, ಆ ಕೂಗಿನಲ್ಲಿ ಅವಳ ಬೆನ್ನು ನೆಟ್ಟಗಾಗುತ್ತದೆ, ಮನೆಯಲ್ಲೂ ಹಾಗೆ ನಿಂತದ್ದನ್ನು ಕಂಡಿಲ್ಲ.

ಬುಧವಾರ ಬೆಳಿಗ್ಗೆ ಕೀರನ್‌ನನ್ನು ಕೂರಿಸಿ ವಿಡಿಯೋ ತೋರಿಸಿದೆ. ಅವನು ಒಳ್ಳೆಯವನೇ, ಎರಡು ಸಲ ನೋಡಿ ಗಲ್ಲ ಉಜ್ಜಿಕೊಂಡ, ನಾವು ಡಾಕ್ಟರುಗಳಲ್ಲ ಜಮೀಲಾ, ಅಂದ, ನಾನು ಡಾಕ್ಟರ್ ಥರ ಏನೂ ಹೇಳ್ತಿಲ್ಲ, ಕಂಡದ್ದು ಹೇಳ್ತಿದೀನಿ, ಬಿದ್ದ, ಎದ್ದ, ತಪ್ಪು ಗುಂಪಿನ ಕಡೆ ನಡೆದ, ಅಂದೆ, ನೀನು ಈ ಒಂದು ಸಾಲು ಬರೆದರೆ ಇವತ್ತು ಸಂಜೆ ಅದು ಎಲ್ಲಾ ತಂಡಗಳ ಮೇಜಿನ ಮೇಲಿರತ್ತೆ, ಯಾರೂ ಅವನ ಹೆಸರು ಕೂಗಲ್ಲ, ತಪ್ಪಾಗಿದ್ದರೆ, ಅಂದ, ತಪ್ಪಾಗಿರದಿದ್ದರೆ, ಅಂದೆ, ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತೆವು, ಪರದೆಯಲ್ಲಿ ಮಾರ್ಲನ್ ಬಗ್ಗಿ ನಿಂತೇ ಇದ್ದ, ನಿಲ್ಲಿಸಿದ ವಿಡಿಯೋದಲ್ಲಿ ಅವನನ್ನು ಕರೆದುಕೊಂಡು ಹೋಗಲು ಯಾರೂ ಬರುವುದಿಲ್ಲ, ನಿನ್ನ ಹುಡುಗ, ನಿನಗೆ ಬಿಟ್ಟದ್ದು, ಅಂದು ಕೀರನ್ ಎದ್ದು ಹೋದ. ಬರೆದೆ. ಬರೆಯಲು ಹೊತ್ತೇ ಹಿಡಿಯಲಿಲ್ಲ, ಕಷ್ಟವೂ ಆಗಲಿಲ್ಲ, ಅದೇ ನನಗೆ ಮನೆಗೆ ಹೋಗುವಾಗ ಹೊಳೆದದ್ದು, ಸೆಲ್‌ಬ್ರಿಜ್ ದಾಟಿ ಬರುತ್ತಿದ್ದೆ, ಟ್ರ್ಯಾಕ್ಟರೊಂದರ ಹಿಂದೆ ನಿಧಾನಕ್ಕೆ, ಕಾಣದ ದೇಶದ ಯಾವಳೋ ತಾಯಿಯ ಮಗನ ವಿಷಯವನ್ನು ಅವನನ್ನೊಂದು ಮಾತೂ ಕೇಳದೆ ಹತ್ತು ಜನರ ಮುಂದೆ ಇಟ್ಟೆ, ಅವನ ಒಳ್ಳೆಯದಕ್ಕೆ ಎಂದುಕೊಂಡೇ ಇಟ್ಟೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳದ್ದಾದರೆ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತೇನೆ, ಇದ್ಯಾವ ನ್ಯಾಯ — ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿದೆ, ಗ್ರೋನ್ಯಾಗೆ ಫೋನ್ ಮಾಡಿದೆ, ಊಟದ ಹೊತ್ತಿನಲ್ಲಿ ಕಂಡದ್ದನ್ನು ಹೇಳಿದೆ. ಗ್ರೋನ್ಯಾ ಪೂರ್ತಿ ಕೇಳಿಸಿಕೊಂಡಳು, ಹೇಳಿದ್ದು ಒಳ್ಳೇದಾಯ್ತು, ಎಷ್ಟೋ ಜನ ಹೇಳಲ್ಲ, ಅಂದಳು, ಆಮೇಲೆ, ಪಾಪ ನುಜ್, ಅಂದಳು.

ಅಂದೇ ಸಂಜೆ ನುಜ್ಹತಳನ್ನು ಕರೆದೊಯ್ದೆ, ಡಾಕ್ಟರ್ ಅವಳ ಕಣ್ಣಿಗೆ ಬೆಳಕು ಹಾಕಿ, ಒಂದು ಗೆರೆಯ ಮೇಲೆ ನಡೆಸಿ, ತಿಂಗಳುಗಳ ಹೆಸರು ಕೊನೆಯಿಂದ ಹಿಂದಕ್ಕೆ ಹೇಳಿಸಿದರು, ಆಗಸ್ಟಿನ ಹತ್ತಿರ ಅವಳು ನಿಂತುಬಿಟ್ಟಳು, ಮಿದುಳಿಗೆ ಪೆಟ್ಟಾಗಿದೆ, ಇಷ್ಟರಲ್ಲೇ ಗೊತ್ತಾದದ್ದು ಪುಣ್ಯ, ಇದರ ಮೇಲೆ ಇನ್ನೊಂದು ಬಿದ್ದಿದ್ದರೆ ಮಾತೇ ಬೇರೆ, ಅಂದರು, ನನಗೆ ಸಮಾಧಾನವಾಗಬೇಕಿತ್ತು. ಮನೆಗೆ ಬಂದು ಬಾಗಿಲ ಬಳಿ, ಶೂ ಕಳಚದೆ, ನನ್ನ ಕಡೆ ತಿರುಗಿ, ನನ್ ತಲೆ ಅದು, ನಿಂದಲ್ಲ, ಅಂದಳು — ಕನ್ನಡದಲ್ಲಿ ಅಂದಳು, ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ನನಗೆ ಸರಿಯಾಗಿ ತಾಗಲೆಂದು ಹುಡುಕಿ ತೆಗೆದ ಹಾಗೆ ನನ್ನ ಭಾಷೆಯಲ್ಲೇ ಅಂದಳು, ಎಷ್ಟು ಸ್ಪಷ್ಟವಾಗಿತ್ತು ಉಚ್ಚಾರ. ನಿನ್ನೆ ಟ್ರಯಲ್ ನಡೆಯಿತು, ಆ ಕೆಂಪುಜಡೆಯ ಹುಡುಗಿ ಆಯ್ಕೆಯಾದಳು, ನುಜ್ಹತ್ ದಿನವಿಡೀ ಪರದೆ ಎಳೆದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನವೀದ್ ಅವಳ ಕಾಲ ಬಳಿ ಕೂತಿದ್ದ, ನಾನು ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಅರ್ಧ ವೇಳೆಯ ಸೀಟಿ, ಹುಡುಗಿಯರು ಕಿತ್ತಳೆ ಹೋಳು ಹೀರುತ್ತಿದ್ದಾರೆ, ನುಜ್ಹತ್ ಯಾರದೋ ಜಡೆ ಬಿಗಿದು ಕಟ್ಟುತ್ತಿದ್ದಾಳೆ — ಡ್ರಾಫ್ಟಿನಲ್ಲಿ ಮೂರು ದಿನ ಹೆಸರುಗಳನ್ನು ಕೂಗಿದರು, ಮಾರ್ಲನ್ ಟ್ರೀಸ್ ಎಂದು ಯಾರೂ ಕೂಗಲಿಲ್ಲ, ಅವನಿಗಿಂತ ಬಹಳ ಕೆಳಗಿದ್ದವರನ್ನೆಲ್ಲ ಕೂಗಿದರು, ಇವತ್ತು ಬೆಳಿಗ್ಗೆ ಅವನೂರಿನ ಟಿವಿಯವರು ಹಾಕಿದ ತುಣುಕೊಂದು ಸಿಕ್ಕಿತು, ಅವನ ಮನೆ, ಸಣ್ಣ ಹಜಾರ, ಬಲೂನು, ನೆಂಟರು ಮಡಿಲಿನಲ್ಲಿ ತಟ್ಟೆ ಇಟ್ಟುಕೊಂಡು ಒತ್ತೊತ್ತಾಗಿ ಕೂತಿದ್ದಾರೆ, ನಡುವಿನ ಮೇಜಿನ ಮೇಲೆ ಅವನ ಫೋನು, ಆರಿಸಿಕೊಂಡ ತಂಡ ಮೊದಲು ಫೋನ್ ಮಾಡುತ್ತದೆ, ಆಮೇಲೆ ಹೆಸರು ಕೂಗುತ್ತಾರೆ, ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ, ಕೊನೆಯ ಹೆಸರೂ ಮುಗಿಯಿತು, ಯಾರೋ ಟಿವಿ ಆರಿಸಿದರು, ಮಾರ್ಲನ್ ಎದ್ದು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದ, ಅವನ ತಾಯಿ ಬಗ್ಗಿ ಆ ಫೋನಿನ ಮೇಲೆ ಅಂಗೈ ಇಟ್ಟಳು, ಜ್ವರ ಬಂದ ಹಣೆಯ ಮೇಲೆ ಇಡುವ ಹಾಗೆ, ಅಲ್ಲಿಗೆ ನಾನು ನಿಲ್ಲಿಸಿಬಿಟ್ಟೆ, ನೋಡಲಾಗಲಿಲ್ಲ, ಆದರೂ ಆ ಕೈ ಕಾರು ಓಡಿಸುವಾಗಲೂ ಎದುರಿಗಿತ್ತು, ಇಲ್ಲಿ ನಿಂತ ಮೇಲೂ ಎದುರಿಗಿದೆ. ಇರಲಿ, ಮಗ ಮನೆಯಲ್ಲಿದ್ದಾನಲ್ಲ, ತಲೆ ಉಳಿಯಿತಲ್ಲ, ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲೇ ಕೀರನ್‌ನ ಮೆಸೇಜು, ಭಾನುವಾರ ಅವನು ಬರೆಯುವವನಲ್ಲ — ನಿನ್ನ ಹುಡುಗನಿಗೆ ಜಾಗ ಸಿಕ್ಕಿತಂತೆ, ಡ್ರಾಫ್ಟ್ ಮುಗಿದ ಮೇಲೆ ಒಂದು ತಂಡ ಫೋನ್ ಮಾಡಿ ಕರೆದಿದೆ, ನಮ್ಮ ಟಿಪ್ಪಣಿ ಓದಿಯೇ ಕಾದು ಕೂತಿದ್ದರಂತೆ, ಹೀಗೆ ಕೊನೆಯಲ್ಲಿ ಕರೆದರೆ ಅಗ್ಗ, ಬೇಡವಾದ ದಿನ ಕಳಿಸಿಬಿಡಬಹುದು, ತಲೆಯ ಪರೀಕ್ಷೆಗಿರೀಕ್ಷೆ ಏನೂ ಕೇಳಿಲ್ಲ.

ರಾಮನಗರದ ಗೂಡಿನ ಮಾರುಕಟ್ಟೆ ನೆನಪಾಯಿತು, ನನ್ನ ಅಬ್ಬಾ ಅಲ್ಲಿ ರೇಷ್ಮೆಗೂಡು ಹರಾಜು ಹಿಡಿದು ನೂಲು ತೆಗೆಸುತ್ತಿದ್ದರು, ನನ್ನನ್ನೂ ಒಮ್ಮೊಮ್ಮೆ ಕರೆದೊಯ್ಯುತ್ತಿದ್ದರು, ರಾಶಿಯೊಳಗೆ ಕೈ ತೂರಿಸಿ ಒಂದು ಗೂಡು ತೆಗೆದು ಕಿವಿಯ ಬಳಿ ಅಲ್ಲಾಡಿಸುವರು, ಕಲೆ ಬಿದ್ದದ್ದು ಸಿಕ್ಕಿದರೆ ಪಕ್ಕದವರಿಗೆ ತೋರಿಸುವರು, ಬೇಡ ಅಂತ ಬಿಟ್ಟುಬಿಡ್ತೀರಾ ಅಬ್ಬಾ, ಎಂದು ಕೇಳಿದ್ದೆ, ಯಾಕೆ ಬಿಡೋದು ಬೇಟಾ, ಬೆಲೆ ಇಳಿಸೋದು, ಕುದಿಯೋ ನೀರಿಗೆ ಎಲ್ಲಾ ಒಂದೇ, ಅಂದಿದ್ದರು — ಬೆಲೆ ಇಳಿಸಿದೆ, ಇಷ್ಟೇ ನಾನು ಮಾಡಿದ್ದು, ಅವನನ್ನು ಆಟದಿಂದ ಈಚೆಗೆ ತರಲಿಲ್ಲ, ಅಗ್ಗ ಮಾಡಿ ಅದೇ ಆಟಕ್ಕೆ ಕಳಿಸಿದೆ, ಈಗ ಅವನು ಎಷ್ಟು ಸಲ ಬಿದ್ದರೂ ಅಷ್ಟು ಸಲ ಬೇಗ ಏಳಬೇಕು, ನಿಧಾನವಾದ ದಿನ ಕಳಿಸಿಬಿಡುತ್ತಾರೆ. ಬರೆಯದೇ ಇದ್ದಿದ್ದರೆ, ಬರೆದದ್ದಕ್ಕೆ, ಬರೆಯದೇ — ಆಟ ಮತ್ತೆ ಶುರುವಾಯಿತು, ಮಳೆ ಹನಿ, ಯಾರೋ ಮೈದಾನದ ಅಂಚಿನಲ್ಲೇ ಸುತ್ತಿ ನನ್ನ ಕಡೆ ಬರುತ್ತಿದ್ದಾರೆ, ನುಜ್ಹತ್, ನಿಧಾನವಾಗಿ ನಡೆಯುತ್ತಿದ್ದಾಳೆ, ನೆಟ್ಟಗೆ ನಡೆಯುತ್ತಿದ್ದಾಳೆ, ಹತ್ತಿರ ಬಂದು ನಿಂತಳು, ತಲೆ ನೋಯ್ತಿದೆ, ಅಂದಳು, ಕನ್ನಡಕ ತೆಗೆಯಲಿಲ್ಲ, ಗ್ರ್ಯಾಂಡ್ ಅನ್ನಲಿಲ್ಲ, ಕೈ ಚಾಚಿದಳು, ಕಾರಿನ ಕೀ ಕೊಟ್ಟೆ, ಮನೆಗೆ ಹೋಗೋಣ್ವಾ, ಅಂದೆ, ಮ್ಯಾಚ್ ಮುಗೀಲಿ, ಅಂದು ಕಾರಿನ ಕಡೆ ಹೋದಳು, ಕಿಟಕಿಯ ಗಾಜಿಗೆ ಹಣೆ ಆನಿಸಿ ಕೂತದ್ದು ಇಲ್ಲಿಂದಲೇ ಕಾಣುತ್ತದೆ. ನನ್ನ ಫೋನು ತೆಗೆದೆ, ಮಾರ್ಲನನ ಮನೆಯ ಆ ತುಣುಕನ್ನು ನಿಲ್ಲಿಸಿದಲ್ಲಿಂದ ಮುಂದಕ್ಕೆ ಬಿಟ್ಟೆ, ತಾಯಿಯ ಕೈ ಫೋನಿನ ಮೇಲೆ ಹಾಗೇ ಇದೆ, ನೆಂಟರು ಕೋಟು ಹಾಕಿಕೊಳ್ಳುತ್ತಿದ್ದಾರೆ, ಯಾರೂ ಅತ್ತ ನೋಡುತ್ತಿಲ್ಲ, ಒಳಗಿನಿಂದ ತಟ್ಟೆ ತೊಳೆಯುವ ಸದ್ದು, ಅವಳ ಬೆರಳುಗಳ ಸಂದಿಯಲ್ಲಿ ಬೆಳಕು, ಫೋನು ಬಂದಿದೆ, ಕೀರನ್ ಹೇಳಿದ ತಂಡದ್ದೇ ಇರಬೇಕು, ಮೇಜು ಸಣ್ಣಗೆ ಅದುರುತ್ತಿದೆ, ಅವಳು ನೋಡುತ್ತಿದ್ದಾಳೆ, ಬೆರಳುಗಳ ಸಂದಿಯಲ್ಲಿ ಬೆಳಕು, ಅವಳಿಗೆ ಏನು ಗೊತ್ತು, ದಿಬ್ಬದ ಮೇಲೆ ಕೂತು ಅವಳೂ ಕಂಡಿದ್ದಳೇ, ಮಗ ಎದ್ದು ಯಾವ ಕಡೆ ನಡೆದನೆಂದು, ಬೆಳಕು, ಕೈ ಎತ್ತುತ್ತಿಲ್ಲ, ಎತ್ತು ಅನ್ನಲೇ, ಎತ್ತಬೇಡ ಅನ್ನಲೇ, ಬೆರಳುಗಳ ಸಂದಿಯಲ್ಲಿ ಬೆಳಕು, ಕೈ ಎತ್ತುತ್ತಿಲ್ಲ